ಮುಳ್ಳಣ್ಣನ ಕೈಗೆ ಸಿಕ್ಕ ಗಾಡಿ

ಬೀದಿಯವರು ಅವನನ್ನು ಮುಳ್ಳಣ್ಣ ಎನ್ನುತ್ತಿದ್ದರು. ಗಡಿಯಾರದ ಮುಳ್ಳುಗಳ ಸಹವಾಸದಲ್ಲೇ ತಲೆ ನರೆತದ್ದರಿಂದ ಬಂದ ಹೆಸರು. ಸ್ವಭಾವದಲ್ಲಿ ಮುಳ್ಳೇನೂ ಇರಲಿಲ್ಲ. ಔಷಧಿ ಅಂಗಡಿಯ ಪಕ್ಕದ ಮಹಡಿ ಮೆಟ್ಟಿಲ ಕೆಳಗೆ, ಒಬ್ಬ ಕೂತರೆ ಇನ್ನೊಬ್ಬ ನಿಂತೇ ಇರಬೇಕಾದಷ್ಟು ಜಾಗದಲ್ಲಿ ಅವನ ಅಂಗಡಿ. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತನೆಂದರೆ ಅವನ ಪಾಲಿಗೆ ಬೀದಿಯೂ ಇಲ್ಲ, ಬಿಸಿಲೂ ಇಲ್ಲ. ಬಿಚ್ಚಿದ ಭಾಗಗಳನ್ನು ಬಿಳಿ ಬಟ್ಟೆಯ ಮೇಲೆ, ಬಿಚ್ಚಿದ ಸರದಿಯಲ್ಲೇ, ಎಡದಿಂದ ಬಲಕ್ಕೆ ಇಡುತ್ತ ಹೋಗುತ್ತಿದ್ದ. ಜೋಡಿಸುವಾಗ ಬಲದಿಂದ ಎಡಕ್ಕೆ ಬರುತ್ತಿದ್ದ. ಕೊನೆಗೆ ಎಣ್ಣೆ. ಅದನ್ನು ಸೂಜಿಯ ಮೊನೆಯಲ್ಲಿ ಎತ್ತಿ, ಕಂಡೂ ಕಾಣದಷ್ಟು ಮುಟ್ಟಿಸಿ, ಉಸಿರು ಬಿಡುತ್ತಿದ್ದ. ಎಣ್ಣೆ ಕಡಿಮೆಯಾಗಿ ಕೆಟ್ಟ ವಾಚುಗಳಿಗಿಂತ ಹೆಚ್ಚಾಗಿ ಕೆಟ್ಟ ವಾಚುಗಳೇ ಜಾಸ್ತಿ ಎಂದು ಅವನಿಗೆ ಕೆಲಸ ಕಲಿಸಿದವರು ಹೇಳಿದ್ದರು. ಕೇಳಿದವರಿಗೂ ಕೇಳದವರಿಗೂ ಅವನು ಆ ಮಾತನ್ನು ಹೇಳುತ್ತಲೇ ಬಂದಿದ್ದ.

ಆ ಕೈ ಒಂದು ದಿನ ನಡುಗತೊಡಗಿತು. ಮೊದಲು ಹೆಬ್ಬೆರಳು, ಆಮೇಲೆ ಅದರ ಪಕ್ಕದ ಬೆರಳು. ಗಿರಾಕಿಯೊಬ್ಬರ ವಾಚಿನ ಕೂದಲೆಳೆಯಂಥ ಸ್ಪ್ರಿಂಗು ಚಿಮಟದಲ್ಲಿ ಸಿಕ್ಕು ಗಂಟಾದ ದಿನ, ಅವರಿಗೆ ತನ್ನದೇ ಇನ್ನೊಂದು ವಾಚು ಕೊಟ್ಟು ಕಳಿಸಿ, ಅಂಗಡಿಯ ಹಲಗೆ ಹಾಕಿ ಮನೆಗೆ ಬಂದ. ಕಣ್ಣು ಮಂಜಾಗಿದೆ ಎಂದು ಎಲ್ಲರಿಗೂ ಹೇಳಿದ. ಎಲ್ಲರೂ ನಂಬಿದರು, ಹೆಂಡತಿಯೊಬ್ಬಳನ್ನು ಬಿಟ್ಟು. ಅವಳು ಏನೂ ಕೇಳಲಿಲ್ಲ. ಆದರೆ ಮಾರನೆಯ ದಿನದಿಂದ ಅವನಿಗೆ ಕಪ್-ಬಸಿಯ ಬದಲು ಎತ್ತರದ ಲೋಟದಲ್ಲಿ, ಮುಕ್ಕಾಲು ಮಾತ್ರ ತುಂಬಿ, ಚಹಾ ಕೊಡತೊಡಗಿದಳು. ಬಸಿ ಗಲಗಲ ಎನ್ನುವ ಸದ್ದು ಆ ಮನೆಯಲ್ಲಿ ನಿಂತುಹೋಯಿತು.

ಹೆಂಡತಿಯದು ಸ್ಟಿಯರಿಂಗ್ ಹಿಡಿಯುವ ಕೆಲಸ. ದೊಡ್ಡಾಸ್ಪತ್ರೆಯ ದಾದಿಯರನ್ನು ಮನೆಮನೆಯಿಂದ ಹತ್ತಿಸಿಕೊಂಡು ಪಾಳಿಗೆ ಬಿಡುವುದು, ಪಾಳಿ ಮುಗಿದವರನ್ನು ಮನೆ ಮುಟ್ಟಿಸುವುದು. ಏಳು ಸೀಟಿನ, ಎತ್ತರದ, ಎಂಥ ಹಳ್ಳದಲ್ಲೂ ಇಳಿದು ಏಳುವ ಎಸ್‌ಯುವಿ ಗಾಡಿ ಅದು. ಮೀಟರು ನಾಲ್ಕು ಲಕ್ಷ ಕಿಲೋಮೀಟರ್ ದಾಟಿದ ದಿನ ದಾದಿಯರು ಅವಳಿಗೆ ಹೂವು ಕೊಟ್ಟಿದ್ದರು. ಸಾರಥಿ ಅಕ್ಕ ಎಂದೇ ಅವರೆಲ್ಲ ಕರೆಯುತ್ತಿದ್ದದ್ದು.

ಗಂಡ ಹೆಂಡತಿಗೆ ಆ ಗಾಡಿಯ ವಿಷಯದಲ್ಲಿ ಇದ್ದದ್ದು ಒಂದೇ ಜಗಳ. ಡ್ಯಾಷ್‌ಬೋರ್ಡಿನ ನಡುವೆ ಒಂದು ಪುಟ್ಟ ಮುಳ್ಳಿನ ಗಡಿಯಾರವಿತ್ತು. ದಾದಿಯರು ತಡಮಾಡಬಾರದೆಂದು ಅವಳು ಅದನ್ನು ಯಾವಾಗಲೂ ಐದು ನಿಮಿಷ ಮುಂದಿಡುತ್ತಿದ್ದಳು. ಊರಿಗೆಲ್ಲ ಸರಿಯಾದ ಸಮಯ ಹಂಚುವವನ ಮನೆಯಲ್ಲೇ ಸುಳ್ಳು ಗಡಿಯಾರ ಇರುವುದನ್ನು ಮುಳ್ಳಣ್ಣ ಸಹಿಸುತ್ತಿರಲಿಲ್ಲ. ರಜೆಯ ದಿನ ಸದ್ದಿಲ್ಲದೆ ಹೋಗಿ ಸರಿಮಾಡಿ ಬರುತ್ತಿದ್ದ. ಮಾರನೆಯ ದಿನ ಅದು ಮತ್ತೆ ಮುಂದೆ ಓಡಿರುತ್ತಿತ್ತು. ಇಬ್ಬರೂ ಈ ಬಗ್ಗೆ ಬಾಯಿಬಿಟ್ಟು ಜಗಳವಾಡಿದವರಲ್ಲ.

ಆಮೇಲೆ ಅವಳ ಎಡ ಮಂಡಿ ಕೈಕೊಟ್ಟಿತು, ಕ್ಲಚ್ ತುಳಿದೂ ತುಳಿದೂ. ಆಪರೇಷನ್ ಆಯಿತು. ಗಾಡಿ ಮನೆಯ ಮಗ್ಗುಲಿನ ತಗಡಿನ ಮಾಡಿನ ಕೆಳಗೆ ಟಾರ್ಪಾಲು ಹೊದ್ದು ನಿಂತಿತು. ಮೊದಲ ವರ್ಷ ಅವಳು ಟಾರ್ಪಾಲು ಎತ್ತಿ ನೋಡುತ್ತಿದ್ದಳು. ಆಮೇಲೆ ಆ ಕಡೆಯ ಕಿಟಕಿಯನ್ನೇ ಮುಚ್ಚಿದಳು. ಮೂರು ಮಳೆಗಾಲ ಕಳೆಯಿತು.

ಮಂಡಿ ಗಟ್ಟಿಯಾಗಿದೆ, ಇನ್ನು ಏನು ಬೇಕಾದರೂ ಓಡಿಸಬಹುದು ಎಂದು ಡಾಕ್ಟರು ಹೇಳಿದ ವಾರವೇ ಆಸ್ಪತ್ರೆಯ ಹಿರಿಯ ದಾದಿಯ ಫೋನು ಬಂತು. ಈಗಿನ ಡ್ರೈವರು ಬಿಡುತ್ತಿದ್ದಾನೆ, ನಮ್ಮ ಹುಡುಗಿಯರು ಸಾರಥಿ ಅಕ್ಕನೇ ಬೇಕು ಅಂತಿದ್ದಾರೆ, ಆದರೆ ಸ್ವಂತ ಗಾಡಿ ಇರಬೇಕು, ಅದು ಫಿಟ್‌ನೆಸ್ ತಪಾಸಣೆಯಲ್ಲಿ ಪಾಸಾಗಿರಬೇಕು, ಹೊಸ ಪಾಳಿ ಶುರುವಾಗುವುದರೊಳಗೆ ತಿಳಿಸಬೇಕು. ಅವಳು ನೋಡುತ್ತೇನೆ ಎಂದು ಫೋನು ಇಟ್ಟಳು. ಇಟ್ಟವಳು ಹೋಗಿ ಆ ಮುಚ್ಚಿದ ಕಿಟಕಿ ತೆರೆದಳು. ಕಿಟಕಿಯ ಸರಳು ಹಿಡಿದು ನಿಂತ ಅವಳ ಬೆನ್ನನ್ನು ಮುಳ್ಳಣ್ಣ ನೋಡಿದ. ಬಹಳ ದಿನದಿಂದ ಆ ಬೆನ್ನು ಅಷ್ಟು ನೆಟ್ಟಗಿರಲಿಲ್ಲ.

ಭಾವಮೈದುನನನ್ನು ಕರೆಸಿದರು. ಅವಳ ತಮ್ಮ, ಬಸ್ ನಿಲ್ದಾಣದ ಹಿಂದೆ ಗ್ಯಾರೇಜು ಇಟ್ಟವನು, ಬಾಯಿ ಸ್ವಲ್ಪ ಜೋರು. ಟಾರ್ಪಾಲು ಎಳೆದು, ಬಾನೆಟ್ಟು ಎತ್ತಿ, ಒಳಗೆ ತಲೆ ಹಾಕಿ, ತಲೆ ಹೊರತೆಗೆದ.

"ಭಾವ, ಇದನ್ನ ಗುಜರಿಯವನಿಗೆ ಕೊಟ್ರೆ ಅವನೇ ನಮಗೆ ಚಹಾ ಕೊಡಿಸ್ತಾನೆ. ರಿಪೇರಿ ಅಂದ್ರೆ ಮೂಗಿಗಿಂತ ಮೂಗುತಿ ಭಾರ."

"ನೀನು ಮಾಡ್ಬೇಡ. ನಾನು ಮಾಡ್ತೀನಿ," ಎಂದ ಮುಳ್ಳಣ್ಣ.

ಮೈದುನ ಅಕ್ಕನ ಮುಖ ನೋಡಿದ. "ಭಾವ, ಇದರೊಳಗೆ ಸೆಕೆಂಡು ಮುಳ್ಳು ಇಲ್ಲ ಕಣ್ರೀ."

"ಬಿಚ್ಚಿದ್ದನ್ನ ಸರದಿಯಲ್ಲಿ ಇಟ್ರೆ ಯಾವುದೂ ಮತ್ತೆ ಕೂತ್ಕೊಳ್ಳುತ್ತೆ. ದೊಡ್ಡದಾದ್ರೇನು, ಚಿಕ್ಕದಾದ್ರೇನು."

ಮೈದುನ ಅಡ್ಡಗೋಡೆ ಮೇಲೆ ದೀಪ ಇಟ್ಟಹಾಗೆ, ಆಗಲ್ಲ ಅನ್ನೋಕಾಗಲ್ಲ, ಆಗುತ್ತೆ ಅಂತಲೂ ನಾನು ಹೇಳಲ್ಲ ಎಂದ. ಬೇಕಾದ ಭಾಗಗಳನ್ನು ತಂದುಕೊಡುವುದಾಗಿ ಒಪ್ಪಿದ. ಹೆಂಡತಿ ಒಂದೇ ಮಾತು ಸೇರಿಸಿದಳು.

"ಚಕ್ರಕ್ಕೂ ಬ್ರೇಕಿಗೂ ತಮ್ಮನೇ ಬರ್ಲಿ. ಅದರಲ್ಲಿ ಇನ್ನೊಬ್ಬರ ಮನೆ ಮಕ್ಕಳು ಕೂರ್ತಾರೆ. ಉಳಿದದ್ದು ನಿಮ್ಮಿಷ್ಟ."

ಮಾತು ನ್ಯಾಯವಾದದ್ದೇ. ಆದರೂ 'ಉಳಿದದ್ದು' ಎಂಬಲ್ಲಿ ಅವಳ ಕಣ್ಣು ತನ್ನ ಬಲಗೈ ಮೇಲೆ ಹಾದುಹೋಯಿತು ಎಂದು ಮುಳ್ಳಣ್ಣನಿಗೆ ಅನಿಸಿತು. ಕೈಯನ್ನು ಜೇಬಿಗೆ ಹಾಕಿಕೊಂಡ. ಗಾಡಿ ಎದ್ದರೆ ಅವಳು ಏಳುತ್ತಾಳೆ. ಅದರ ಜೊತೆಗೆ ತನ್ನ ಈ ಕೈ ಇನ್ನೂ ಯಾವುದಕ್ಕಾದರೂ ಬರುತ್ತದೋ ಇಲ್ಲವೋ ಎಂಬುದೂ ಗೊತ್ತಾಗಿಹೋಗುತ್ತದೆ.

ಅವನು ಮೊಟ್ಟಮೊದಲು ರಿಪೇರಿ ಮಾಡಿದ್ದು ಡ್ಯಾಷ್‌ಬೋರ್ಡಿನ ಗಡಿಯಾರವನ್ನು. ಚಿಮಟದ ಕೆಲಸ ಅದರಲ್ಲಿ ಇರಲಿಲ್ಲ. ತುಕ್ಕು ಹಿಡಿದ ತಂತಿಯೊಂದನ್ನು ಬದಲಿಸಿ, ಹೊರಗಿನ ಬ್ಯಾಟರಿಯಿಂದ ಜೀವ ಕೊಟ್ಟಾಗ ಮುಳ್ಳು ತಾನಾಗಿ ಹೊರಟಿತು. ಮೈದುನ ಬಂದು ನೋಡಿ, ಎಂಜಿನ್ನು ನಿಂತಿದೆ, ಚಕ್ರ ನಿಂತಿದೆ, ಟೈಮು ಮಾತ್ರ ಓಡ್ತಿದೆ, ಗೌರ್ಮೆಂಟ್ ಆಫೀಸಿದ್ದ ಹಾಗಿದೆ ಎಂದು ನಕ್ಕ.

ಮುಂದಿನ ಕೆಲಸಕ್ಕೆ ಮುಳ್ಳಣ್ಣ ಹಳೆಯ ಡಬಲ್ ಬೆಡ್‌ಶೀಟನ್ನು ನೆಲಕ್ಕೆ ಹಾಸಿದ. ಅಂಗಡಿಯ ಬಿಳಿ ಬಟ್ಟೆಯೇ ಬೆಳೆದು ದೊಡ್ಡದಾದಂತೆ. ಅದರ ಮೇಲೆ ರೇಡಿಯೇಟರಿನ ಪೈಪುಗಳು, ಬೆಲ್ಟುಗಳು, ಫಿಲ್ಟರಿನ ಡಬ್ಬಿ, ಬೋಲ್ಟುಗಳು, ಎಡದಿಂದ ಬಲಕ್ಕೆ. ವಾಷರುಗಳಿಗೆ ಅಡುಗೆಮನೆಯ ಬಸಿಗಳು. ಹೇಗೂ ಈಗ ಬಸಿಗೆ ಬೇರೆ ಕೆಲಸವಿರಲಿಲ್ಲ. ಹೆಂಡತಿ ಒಂದು ಸಲ ಚಮಚದ ಡಬ್ಬಿಯಲ್ಲಿ ಸ್ಕ್ರೂ ಸಿಕ್ಕಿತೆಂದು ಗೊಣಗಿದಳು. ಇನ್ನೊಂದು ಸಲ ಚಮಚ ಹುಡುಕಿಕೊಂಡು ಬೆಡ್‌ಶೀಟಿನವರೆಗೂ ಬರಬೇಕಾಯಿತು.

ಏರ್ ಫಿಲ್ಟರಿನ ಡಬ್ಬಿಯಲ್ಲಿ ಇಲಿಯ ಗೂಡು ಸಿಕ್ಕಿತು. ಬೆಟ್ಟ ಅಗೆದರೆ ಮಾತ್ರ ಅಲ್ಲ, ಗಾಡಿ ಅಗೆದರೂ ಇಲಿಯೇ ಎಂದು ಮುಳ್ಳಣ್ಣ ಹೆಂಡತಿಯನ್ನು ಕರೆದು ತೋರಿಸಿದ. ಇಲಿಗಳು ಎಂದೋ ಖಾಲಿಮಾಡಿದ್ದ ಮನೆ. ಒಣ ಎಲೆ, ಸೀಟಿನ ಸ್ಪಂಜು, ನಡುವೆ ಮೆತ್ತಗೆ ಸುತ್ತಿದ ನೀಲಿ ಉಣ್ಣೆ. ಅವಳು ಬಗ್ಗಿ ಆ ಉಣ್ಣೆಯ ಎಳೆಯನ್ನು ಎರಡು ಬೆರಳಲ್ಲಿ ಎತ್ತಿದಳು. ಹಿಂದಿನ ಸೀಟಿನಲ್ಲಿ ಕೂತು ಮೊಮ್ಮಗನಿಗೆ ಸ್ವೆಟರ್ ಹೆಣೆಯುತ್ತಿದ್ದ ದಾದಿಯೊಬ್ಬಳಿದ್ದಳು. ಒಂದು ದಿನ ಉಂಡೆ ಕಳೆದುಹೋಗಿ, ಪಕ್ಕದವಳೇ ತೆಗೆದಳೆಂದು ಜಗಳವಾಗಿ, ಇಬ್ಬರೂ ಆರು ತಿಂಗಳು ಬೆನ್ನು ಬೆನ್ನಿಗೆ ಕೂತು ಪ್ರಯಾಣ ಮಾಡಿದ್ದರು. ಅದನ್ನು ಹೇಳುತ್ತ ಹೇಳುತ್ತ ಅವಳು ಅಲ್ಲೇ ಮಾಡಿನ ಕಂಬಕ್ಕೆ ಒರಗಿ ನಕ್ಕಳು. ಅವತ್ತಿನಿಂದ ಅಡುಗೆಮನೆಯ ಬಾಗಿಲಿಗೆ ಕುರ್ಚಿ ಹಾಕಿ, ಮಂಡಿ ಚಾಚಿ, ಕೆಲಸ ನೋಡುತ್ತ ಕೂರುವುದನ್ನು ರೂಢಿ ಮಾಡಿಕೊಂಡಳು.

ನೋಡುವುದು ಮಾತ್ರವಲ್ಲ. ಗಾಡಿಯ ಜಾತಕವೆಲ್ಲ ಅವಳ ಬಾಯಲ್ಲಿತ್ತು. ಮೂರನೇ ಗೇರು ಮೊಂಡು, ಬೈದರೆ ಬೀಳುತ್ತೆ. ಎಡ ಹಿಂಬಾಗಿಲು ಎತ್ತಿ ಹಾಕಬೇಕು. ಮಳೆಯಲ್ಲಿ ವೈಪರು ಅರ್ಧಕ್ಕೆ ನಿಂತು ಯೋಚನೆ ಮಾಡುತ್ತೆ. ಅವಳು ಹೇಳುತ್ತಿದ್ದಳು, ಅವನು ಹುಡುಕಿ ಬಿಚ್ಚುತ್ತಿದ್ದ. ಬೂಸಲು ಹಿಡಿದ ಸೀಟುಗಳನ್ನು ಅವಳೇ ಸೋಪಿನ ನೀರಲ್ಲಿ ಉಜ್ಜಿ ಗೋಡೆಗೆ ಒರಗಿಸಿ ಒಣಗಿಸಿದಳು. ಆ ಏಳು ಸೀಟುಗಳು ಅಂಗಳದಲ್ಲಿ ಸಾಲಾಗಿ ಬಿಸಿಲು ಕಾಯಿಸುತ್ತಿದ್ದಾಗ, ಎದುರುಮನೆಯ ಟೀಚರಮ್ಮ ಗೇಟಿನಿಂದ ಇಣುಕಿ, ಏನು ನಾಟಕ ಇದೆಯಾ ಎಂದು ಕೇಳಿ ಹೋದರು.

ಮುಳ್ಳಣ್ಣನಿಗೆ ಒಂದು ಸಂಗತಿ ನಿಧಾನವಾಗಿ ಗಮನಕ್ಕೆ ಬಂತು. ದೊಡ್ಡ ಸ್ಪ್ಯಾನರು ಹಿಡಿದಾಗ ಕೈ ನಡುಗುತ್ತಿತ್ತು, ಆದರೆ ಆ ನಡುಕ ಯಾರನ್ನೂ ಏನೂ ಮಾಡುತ್ತಿರಲಿಲ್ಲ. ಕಬ್ಬಿಣದ ತೂಕವೇ ಅದನ್ನು ಹಿಡಿದು ಕೂರಿಸುತ್ತಿತ್ತು. ನಟ್ಟು ಎರಡು ಸಲ ತಡವರಿಸಿ ಮೂರನೆಯ ಸಲ ತನ್ನ ದಾರಿ ಹಿಡಿಯುತ್ತಿತ್ತು. ಎಷ್ಟೋ ಹೊತ್ತು ಅವನು ಕೈಯ ವಿಷಯವನ್ನೇ ಮರೆತಿರುತ್ತಿದ್ದ.

ಟ್ಯಾಂಕಿನ ಹಳಸಿದ ಡೀಸೆಲ್ ಬಸಿದು, ಇಲಿ ಕಡಿದ ತಂತಿಗಳನ್ನು ಬಣ್ಣಕ್ಕೆ ಬಣ್ಣ ನೋಡಿ ಕೂಡಿಸಿ, ಹೊಸ ಬ್ಯಾಟರಿ ಕೂರಿಸಿದ ದಿನ ಎಂಜಿನ್ನು ಬಹಳ ಹೊತ್ತು ಕೆಮ್ಮಿ, ಉಗುಳಿ, ಕೊನೆಗೆ ಹತ್ತಿಕೊಂಡಿತು. ಹೊರಬಂದ ಕಪ್ಪು ಹೊಗೆ ಟೀಚರಮ್ಮ ಒಣಹಾಕಿದ ಸೀರೆಗಳ ಕಡೆಗೇ ನೇರ ಹೋಯಿತು. ಹೆಂಡತಿ ಕ್ಷಮೆ ಕೇಳಲು ಆ ಮನೆಗೆ ಓಡಿದಳು. ಓಡಿದಳು ಎಂಬುದು ಮುಳ್ಳಣ್ಣನಿಗೆ ಹೊಳೆದದ್ದು ಅವಳು ಗೇಟು ದಾಟಿದ ಮೇಲೆ.

ಉಳಿದದ್ದು ಚಕ್ರ ಮತ್ತು ಬ್ರೇಕು. ಮೈದುನ ಈ ಭಾನುವಾರ ಬರುತ್ತೇನೆಂದ. ಯಾರದೋ ಲಾರಿ ದಾರಿಯಲ್ಲಿ ಕೆಟ್ಟು ನಿಂತಿತು. ಮುಂದಿನ ಭಾನುವಾರ ಎಂದ, ಅವತ್ತೂ ಬರಲಿಲ್ಲ. ತಪಾಸಣೆಯ ದಿನ ಹತ್ತಿರವಾಗುತ್ತಿತ್ತು. ಹೆಂಡತಿ ಆಸ್ಪತ್ರೆಯ ಕಡೆ ಹೋಗಿದ್ದ ಒಂದು ಬೆಳಗ್ಗೆ ಮುಳ್ಳಣ್ಣ ಮುಂದಿನ ಎಡ ಚಕ್ರಕ್ಕೆ ಜಾಕಿ ಕೊಟ್ಟ. ಹೇಗೂ ಬಿಚ್ಚಿ ಒರೆಸಿ ಇಟ್ಟಿರೋಣ ಎಂದುಕೊಂಡೇ ಶುರುಮಾಡಿದ್ದು. ಆದರೆ ಚಕ್ರದ ನಡುವಿನ ಹಬ್ಬಿನೊಳಗಿಂದ ಬೇರಿಂಗು ಹೊರಬಂದಾಗ ಅವನು ಅದನ್ನು ಬೆಳಕಿಗೆ ಎತ್ತಿ ಹಿಡಿದ. ಉಂಗುರದಂಥ ಗೂಡಿನಲ್ಲಿ ಒತ್ತೊತ್ತಾಗಿ ಕೂತ ಉಕ್ಕಿನ ಉರುಳೆಗಳು. ಇಡೀ ಗಾಡಿಯಲ್ಲಿ ಅವನಿಗೆ ನೆಂಟಸ್ತಿಕೆ ಕಂಡದ್ದು ಅದೊಂದರಲ್ಲಿ. ಹಳೆಯ ಗ್ರೀಸು ಗಟ್ಟಿಯಾಗಿ ಮಣ್ಣು ಹಿಡಿದು ಕೊಳೆತ ಹಣ್ಣಿನ ತಿರುಳಿನಂತಾಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದ. ಬ್ರಷ್ಷು ಹಾಕಿ ಉಜ್ಜಿ ಮತ್ತೆ ತೊಳೆದ. ಬಹಳ ದಿನದ ಮೇಲೆ ಭೂತಗನ್ನಡಿ ಕಣ್ಣಿಗೇರಿತು. ಒಂದೊಂದೇ ಉರುಳೆ ತಿರುಗಿಸಿ, ಗೀರಿಲ್ಲ, ಕಲೆಯಿಲ್ಲ ಎಂದು ಖಾತ್ರಿ ಮಾಡಿಕೊಂಡ. ಹೊಸ ಗ್ರೀಸನ್ನು ಕಿರುಬೆರಳ ತುದಿಯಲ್ಲಿ ಎತ್ತಿ, ಪ್ರತಿ ಉರುಳೆಗೂ ತೆಳುವಾಗಿ, ಹೊಳಪು ಮಾಸದಷ್ಟು ಸವರಿದ. ಫೋನಿನಲ್ಲಿ ಮೈದುನನನ್ನು ಕೇಳಿದ್ದು ನಟ್ಟಿನ ವಿಷಯ ಮಾತ್ರ. ಪೂರ್ತಿ ಬಿಗಿ ಮಾಡಿ, ಒಂದೆಳೆ ಸಡಿಲಿಸಿ, ಪಿನ್ನು ಹಾಕಿ ಬಗ್ಗಿಸಿ ಎಂದ. ಮುಳ್ಳಣ್ಣ ಹಾಗೆಯೇ ಮಾಡಿದ. ಅದೇ ದಿನ ಬಲ ಚಕ್ರವನ್ನೂ ಮುಗಿಸಿದ.

ಆ ವಾರ ಮೈದುನ ಬಂದು ಬ್ರೇಕುಗಳನ್ನು ಮಾಡಿದ. ಕೆಲಸ ಮುಗಿಸಿ, ಎತ್ತಿ ನಿಲ್ಲಿಸಿದ ಚಕ್ರವನ್ನು ಕೈಯಲ್ಲಿ ತಿರುಗಿಸಿದ. ಅದು ತಿರುಗುತ್ತಲೇ ಇತ್ತು. ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ, ಅಲುಗಲಿಲ್ಲ.

"ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗ್ತಿದೆಯಲ್ಲ ಭಾವ. ಪೂರ್ತಿ ನೀವೇ ಹಾಕಿದ್ದಾ?"

"ನಾನೇ."

ಕುರ್ಚಿಯಲ್ಲಿದ್ದ ಹೆಂಡತಿ ತಲೆ ಎತ್ತಿದಳು. ಮಾತಾಡಿದ್ದು ತಮ್ಮನ ಜೊತೆ. "ಸರಿ ಇದೆಯೇನೋ?"

"ಸರಿ ಇದೆ ಅಕ್ಕ. ನನಗಿಂತ ಚೆನ್ನಾಗೇ ಇದೆ."

ಅವಳು ಆಗಲಿ ಎಂಬಂತೆ ತಲೆಯಾಡಿಸಿದಳು. ಮುಳ್ಳಣ್ಣ ಅವತ್ತು ಊಟಕ್ಕೆ ಕೂತಾಗ ಇನ್ನೊಂದು ತುತ್ತು ಹೆಚ್ಚೇ ಉಂಡ.

ಮಾರನೆಯ ಬೆಳಗ್ಗೆ ಗಾಡಿ ಬೀದಿಗಿಳಿಯಿತು. ಅವಳು ಸೀಟು ಹಿಂದೆ ಮುಂದೆ ಮಾಡಿ, ಕನ್ನಡಿ ತಿದ್ದಿ, ಕ್ಲಚ್ಚನ್ನು ಎರಡು ಸಲ ತುಳಿದು ಮಂಡಿಯನ್ನು ಕೇಳಿದಳು. ಡ್ಯಾಷ್‌ಬೋರ್ಡಿನ ಗಡಿಯಾರದ ಕಡೆ ಅವಳ ಕೈ ಹೋಯಿತು. ಸಮಯ ಸರಿಯಾಗಿತ್ತು. ಕೈ ಅಲ್ಲೇ ತಡೆದು, ಹಿಂದಕ್ಕೆ ಬಂತು. ಇನ್ನೂ ಕೆಲಸ ಶುರುವಾಗಿಲ್ಲವಲ್ಲ ಎಂದಳು. ಮುಳ್ಳಣ್ಣ ಪಕ್ಕದ ಸೀಟಿನಲ್ಲಿ ಕೂತಿದ್ದ. ಅವನಿಗೆ ಸೈಕಲ್ಲು ಬಿಟ್ಟು ಬೇರೆ ಯಾವುದನ್ನೂ ಓಡಿಸಲು ಬರುತ್ತಿರಲಿಲ್ಲ.

ಊರು ದಾಟುವವರೆಗೆ ಎಲ್ಲ ಚೆನ್ನಾಗಿತ್ತು. ಮೂರನೇ ಗೇರಿಗೆ ಬೈಗುಳ ಬೇಕಾಯಿತು, ಅವಳು ಬೈದಳು. ಗಾಳಿ ಬಂತು. ಅವಳು ತುಟಿ ಸ್ವಲ್ಪವೇ ತೆರೆದು ಓಡಿಸುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಅವಳು ಹೀಗೆ ಕಿಟಕಿಯಾಚೆ ನೋಡುತ್ತಿದ್ದದ್ದು ಅವನಿಗೆ ನೆನಪಾಯಿತು.

ನೀರಿನ ಟ್ಯಾಂಕಿನ ಆಚೆ ಏರುದಾರಿಯಲ್ಲಿ ಅವಳ ಮುಖ ಬದಲಾಯಿತು. "ಎಡಗಡೆ ಏನೋ ಗೊಣಗ್ತಿದೆ."

ಅವನಿಗೆ ಏನೂ ಕೇಳಿಸಲಿಲ್ಲ. ಇನ್ನೂ ಸ್ವಲ್ಪ ದೂರ ಹೋದ ಮೇಲೆ ಕೇಳಿಸಿತು. ಬೀಸುಕಲ್ಲಿನಲ್ಲಿ ಕಾಳಿಲ್ಲದೆ ಬೀಸಿದಂಥ ಸದ್ದು. ಸ್ಟಿಯರಿಂಗು ಎಡಕ್ಕೆ ಎಳೆಯತೊಡಗಿತು. ಸುಟ್ಟ ವಾಸನೆ ಬಂತು. ಅವಳು ಗಾಬರಿಯಿಲ್ಲದೆ ವೇಗ ಇಳಿಸಿ, ರಸ್ತೆ ಬಿಟ್ಟು ಮರದ ಕೆಳಗೆ ನಿಲ್ಲಿಸಿ, ಇಳಿದು ಬಂದು ಮುಂದಿನ ಎಡ ಚಕ್ರದ ನಡುವಿಗೆ ಬಾಟಲಿಯ ನೀರು ಚಿಮುಕಿಸಿದಳು. ಚುಂಯ್ ಎಂದು ಆವಿ ಎದ್ದಿತು.

ಮುಳ್ಳಣ್ಣ ಕೈಯನ್ನು ಜೇಬಿಗೆ ಹಾಕಿಕೊಂಡ. ಜೇಬಿನೊಳಗೂ ಅದು ನಡುಗುತ್ತಿತ್ತು.

ಅವಳು ತಮ್ಮನಿಗೆ ಫೋನು ಮಾಡಿದಳು. ಆಮೇಲೆ ಇಬ್ಬರೂ ಮರದ ಬೇರಿನ ಮೇಲೆ ಕೂತರು. ಅವನಿಗೆ ಎಲ್ಲ ಸ್ಪಷ್ಟವಾಗಿತ್ತು. ಒಂದೆಳೆ ಸಡಿಲಿಸುವ ಕಡೆ ಬೆರಳು ನಡುಗಿ ನಟ್ಟು ಬಿಗಿಯಾಗಿಯೇ ಉಳಿದಿದೆ. ಆ ಗಿರಾಕಿಯ ವಾಚಿನಲ್ಲಿ ಗಂಟಾದದ್ದು ಒಂದು ಎಳೆ ಉಕ್ಕು. ಇಲ್ಲಿ ದಾದಿಯರು ಕೂತಿದ್ದಿದ್ದರೆ? ಇಳಿಜಾರಾಗಿದ್ದರೆ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ತನ್ನ ಗಡಿಗೆಗೆ ತಾನೇ ದೊಣ್ಣೆಯಾದೆನಲ್ಲ ಎಂದುಕೊಂಡ. ಕೊನೆಗೆ ಅವಳ ಕಡೆ ತಿರುಗಿದ.

"ಕೈ ಕಣೇ. ನನ್ನ ಕೈ ಸರಿ ಇಲ್ಲ. ಕಣ್ಣಲ್ಲ, ಕೈ. ಗುಜರಿಗೆ ಕೊಟ್ಬಿಡೋಣ."

ಅವಳು ತಿರುಗಿ ನೋಡಲಿಲ್ಲ. "ವಾಚು ನಿಂತಿದೆ ಅಂತ ತಂದವ್ರಿಗೆ ನೀವು ಏನು ಹೇಳ್ತಿದ್ರಿ?"

ಅವನು ಚಕ್ರದ ಕಡೆ ನೋಡಿದ.

"ಬಿಚ್ಚಿ ನೋಡದೆ ಬಾಯಿ ಬಿಡಬಾರದು ಅಂತ ತಾನೆ? ನೀವೂ ಬಿಡಬೇಡಿ."

ಮೈದುನ ಬೈಕಿನಲ್ಲಿ ಬಂದ, ಹಿಂದೆ ಉಪಕರಣದ ಪೆಟ್ಟಿಗೆ ಕಟ್ಟಿಕೊಂಡು. ಬರುವಾಗಿನ ಮುಖ ಗಂಭೀರವಾಗಿತ್ತು. ಜಾಕಿ ಕೊಟ್ಟು, ಚಕ್ರ ಕಳಚಿ, ಹಬ್ಬಿನ ಮುಚ್ಚಳ ತೆಗೆದ. ಪಿನ್ನು ನೋಡಿದ. ನಟ್ಟಿನ ಮೇಲೆ ಬೆರಳಿಟ್ಟ. ಭಾವನನ್ನು ಒಮ್ಮೆ ನೋಡಿ, ಬೇರಿಂಗನ್ನು ಎಳೆದು ಬಟ್ಟೆಯಲ್ಲಿ ಹಿಡಿದ. ಉರುಳೆಗಳು ಬೆಂದು ನೀಲಿಯಾಗಿದ್ದವು, ಒಣಗಿದ್ದವು.

"ಭಾವ, ಗ್ರೀಸೆಲ್ಲಿ?"

"ಹಾಕಿದ್ದೆನಲ್ಲ."

"ಎಷ್ಟು?"

ಮುಳ್ಳಣ್ಣ ಜೇಬಿನಿಂದ ಕೈ ತೆಗೆದು ಕಿರುಬೆರಳ ತುದಿ ತೋರಿಸಿದ. ಬರೀ ಉಗುರಿನಷ್ಟು.

ಮೈದುನ ರಸ್ತೆಯ ಪಕ್ಕ ಧೂಳಿನಲ್ಲೇ ಕೂತುಬಿಟ್ಟ. ಅವನ ಹೆಗಲು ಕುಲುಕತೊಡಗಿದಾಗ ಅಳುತ್ತಿದ್ದಾನೋ ನಗುತ್ತಿದ್ದಾನೋ ಮೊದಲು ತಿಳಿಯಲಿಲ್ಲ. "ಇದಕ್ಕೆ ಮುಷ್ಟಿ ತುಂಬ ಬೇಕು ಭಾವ, ಮುಷ್ಟಿ ತುಂಬ. ಎರಡು ಟನ್ ಗಾಡಿ ಇದು. ಕೈಗೆ ಕಟ್ಕೊಂಡು ಓಡಾಡೋದಲ್ಲ."

ಮುಳ್ಳಣ್ಣ ನಗಲಿಲ್ಲ. ಮುಂದೆ ಬಗ್ಗಿ ಕೇಳಿದ: "ನಟ್ಟು?"

"ನಟ್ಟು ಸರಿ ಇದೆ."

"ಬಿಗಿಯಾಗಿರಲಿಲ್ವಾ? ಕೈ ನಡುಗಿ..."

"ಎಲ್ಲಿ ನಡುಗಿರೋದು? ಈ ಪಿನ್ನು ನೋಡಿ, ಹೇಗೆ ಬಗ್ಗಿಸಿದೀರಿ. ನನ್ನ ಗ್ಯಾರೇಜಿನಲ್ಲಿ ಯಾರೂ ಹೀಗೆ ಬಗ್ಗಿಸಲ್ಲ, ನಾನೂ ಸೇರಿ. ಇದು ಕೈ ಮಾಡಿದ ತಪ್ಪಲ್ಲ ಭಾವ, ತಲೆ ಮಾಡಿದ್ದು." ಆಮೇಲೆ ಕಿವಿಯ ಹಿಂದೆ ಕೆರೆದುಕೊಂಡು, ಸ್ವರ ತಗ್ಗಿಸಿ ಅಕ್ಕನಿಗೆ ಹೇಳಿದ: "ನಂದೂ ಇದೆ ಅಕ್ಕ. ಚಕ್ರ ಅಷ್ಟು ಸಲೀಸಾಗಿ ತಿರುಗಿದಾಗಲೇ ನನಗೆ ಹೊಳೀಬೇಕಿತ್ತು. ಗ್ರೀಸು ತುಂಬಿದ್ರೆ ಅದು ಸ್ವಲ್ಪ ಭಾರವಾಗೇ ತಿರುಗ್ಬೇಕು."

ಹೆಂಡತಿ ಅಲ್ಲಿಯವರೆಗೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. "ನಂಗೇನು ಹೊಸದಲ್ಲ ಕಣೋ. ಒಗ್ಗರಣೆಗೆ ಎಣ್ಣೆ ಹಾಕಿದ್ರೂ ಜಾಸ್ತಿಯಾಯ್ತು ಅಂತ ಪಕ್ಕದಲ್ಲಿ ನಿಂತ್ಕೊಳ್ಳೋರು ಇವ್ರು."

ಮೂವರೂ ನಕ್ಕರು. ಮುಳ್ಳಣ್ಣ ಎಲ್ಲರಿಗಿಂತ ಕೊನೆಗೆ ನಕ್ಕು, ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕ. ದಾರಿಯಲ್ಲಿ ಹೋಗುತ್ತಿದ್ದ ಟ್ರ್ಯಾಕ್ಟರಿನವನು, ಚಕ್ರ ಕಳಚಿಕೊಂಡ ಗಾಡಿಯ ಮುಂದೆ ಇವರಿಗೇನು ಸಂಭ್ರಮ ಎಂದು ಕತ್ತು ತಿರುಗಿಸಿ ನೋಡಿಕೊಂಡೇ ಹೋದ. ತಪ್ಪು ಮಾಡಿ ಇಷ್ಟು ಹಗುರಾದದ್ದು ಮುಳ್ಳಣ್ಣನಿಗೆ ಅದೇ ಮೊದಲು. ತಿಳಿಯದ್ದನ್ನು ಕಲಿಯಬಹುದು. ನಡುಗುವ ಕೈಗೆ ಹಾಗೆ ಹೇಳಿ ಕೊಡಲು ಬರುವುದಿಲ್ಲ.

ಮನೆಯಲ್ಲಿ ಎರಡೂ ಚಕ್ರಕ್ಕೆ ಹೊಸ ಬೇರಿಂಗು. ಮೈದುನ ಗ್ರೀಸು ತುಂಬುವ ಬಗೆ ತೋರಿಸಿದ. ಎಡ ಅಂಗೈಯಲ್ಲಿ ಗ್ರೀಸಿನ ಗುಡ್ಡೆ ಇಟ್ಟುಕೊಂಡು, ಬೇರಿಂಗಿನ ಅಂಚನ್ನು ಅಂಗೈಗೆ ಒತ್ತೊತ್ತಿ ಎಳೆಯಬೇಕು. ಗ್ರೀಸು ಕೆಳಗಿನಿಂದ ಹೊಕ್ಕು, ಉರುಳೆಗಳ ಸಂದಿನಿಂದ ಮೇಲೆ ಹುಳುಹುಳುವಾಗಿ ಏಳುವವರೆಗೆ ಬಿಡಬಾರದು. ಮುಳ್ಳಣ್ಣ ಒತ್ತಿದ. ಮೊಣಕೈವರೆಗೂ ಮೆತ್ತಿಕೊಂಡಿತು. ಜೀವಮಾನದಲ್ಲಿ ಒಟ್ಟು ಬಳಸಿದ ಎಣ್ಣೆಗಿಂತ ಹೆಚ್ಚು ಜಿಡ್ಡು ಅವನ ಒಂದೇ ಅಂಗೈಯಲ್ಲಿತ್ತು. ಸಾಕಲ್ಲವಾ ಎಂದು ತಲೆ ಎತ್ತಿದ.

"ಇನ್ನೂ ಹಾಕಿ," ಎಂದಳು ಕುರ್ಚಿಯಿಂದ ಹೆಂಡತಿ.

ಹಾಕಿದ.

"ಇನ್ನೂ."

ಅವಳು ಮರುದಿನ ಗಾಡಿ ತೆಗೆದಳು. ಆದರೆ ನೀರಿನ ಟ್ಯಾಂಕಿನ ಹತ್ತಿರ ನಿಲ್ಲಿಸಿ, ಇಳಿದು, ಮುಂಗೈಯನ್ನು ಎರಡೂ ಹಬ್ಬಿಗೆ ತಾಗಿಸಿ ನೋಡಿದಳು, ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ. ಏರಿನ ಮೇಲೆ ಮತ್ತೊಮ್ಮೆ ನಿಲ್ಲಿಸಿ ನೋಡಿದಳು. ತಪಾಸಣೆಗೆ ಹೋಗುವ ದಾರಿಯಲ್ಲೂ ನಿಲ್ಲಿಸಿದಳು. ಮುಳ್ಳಣ್ಣ ಪ್ರತಿ ಸಲವೂ ಸೀಟಿನಲ್ಲೇ ಕೂತು ಎದುರಿನ ಗಡಿಯಾರ ನೋಡುತ್ತಿದ್ದ. ಅವಳು ನಂಬುವುದಿಲ್ಲವೆಂದು ಅವನು ದೂರುವಂತಿರಲಿಲ್ಲ. ಏಳು ಜನರ ಭಾರ ಹೊತ್ತವಳು ಹಾಗೆಯೇ ಇರಬೇಕು. ಆದರೂ ಬಾಗಿಲು ತೆರೆದ ಸದ್ದಾದಾಗಲೆಲ್ಲ ಎದೆಯಲ್ಲಿ ಏನೋ ಸಣ್ಣಗೆ ಕುಟುಕುತ್ತಿತ್ತು.

ತಪಾಸಣೆಯವನು ಟಾರ್ಚು ಹಿಡಿದು ಕೆಳಗೆ ತೂರಿದ. ಸುತ್ತಿಗೆಯಿಂದ ಅಲ್ಲಿ ಇಲ್ಲಿ ತಟ್ಟಿದ. ಬ್ರೇಕು ಹಾಕಿಸಿದ, ಹಾರನ್ನು ಒತ್ತಿಸಿದ, ಚಕ್ರಗಳನ್ನು ಎತ್ತಿಸಿ ಅಲ್ಲಾಡಿಸಿದ. ಮೀಟರಿನ ಅಂಕಿ ನೋಡಿ ಹುಬ್ಬೇರಿಸಿದ. ಯಾವ ಗ್ಯಾರೇಜಿನಲ್ಲಿ ಮಾಡಿಸಿದಿರಿ ಎಂದು ಕೇಳಿದಾಗ, ಮನೇಲಿ ಎಂದಳು ಅವಳು. ಅವನು ಮತ್ತೇನೂ ಕೇಳದೆ ಪಾಸು ಮಾಡಿದ.

ಹೊಸ ಪಾಳಿಯ ಮೊದಲ ದಿನ, ಮಧ್ಯಾಹ್ನದ ಸರದಿ. ಹೊರಡುವ ಮುಂಚೆ ಅವಳು, ನೀವೂ ಬನ್ನಿ ಇವತ್ತೊಂದು ದಿನ, ಆಮೇಲೆ ಸೀಟು ಇರಲ್ಲ ಎಂದಳು. ಅವನು ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಮುಂದೆ ಕೂತ. ಒಬ್ಬೊಬ್ಬರೇ ದಾದಿಯರು ಹತ್ತಿದರು. ಹಳಬರು ಸೀಟು ಮುಟ್ಟಿ ಮುಟ್ಟಿ ನೋಡಿದರು. ಸ್ವೆಟರಿನ ದಾದಿಗೆ ಸಾರಥಿ ಅಕ್ಕ ಒಂದು ಸಣ್ಣ ಪೊಟ್ಟಣ ಕೊಟ್ಟಳು, ತೊಳೆದು ಒಣಗಿಸಿ ಸುತ್ತಿದ ನೀಲಿ ಉಣ್ಣೆ. ಕಳ್ಳ ಯಾರೆಂದು ಗೊತ್ತಾದಾಗ ಗಾಡಿಯಲ್ಲಿ ಎದ್ದ ಗದ್ದಲಕ್ಕೆ ಮೂರನೇ ಗೇರಿನ ಬೈಗುಳವೂ ಕೇಳಿಸಲಿಲ್ಲ.

ನೀರಿನ ಟ್ಯಾಂಕು ಬಂತು. ಮುಳ್ಳಣ್ಣ ಕಾದ. ಗಾಡಿ ನಿಲ್ಲಲಿಲ್ಲ. ಏರು ಹತ್ತಿತು, ಇಳಿಯಿತು.

ಕೊನೆಯ ದಾದಿಯ ಮನೆಯ ಮುಂದೆ ಕಾಯಬೇಕಾಯಿತು. ಅವಳು ಬಾಗಿಲಿನಿಂದಲೇ ಬಂದೆ ಬಂದೆ ಎಂದು ಕೈ ಬೀಸಿ ಒಳಗೆ ಹೋಗಿದ್ದಳು. ಹೆಂಡತಿ ಇಳಿಯಲಿಲ್ಲ. ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟು, ಕನ್ನಡಿಯಲ್ಲಿ ಹಿಂದಿನವರ ಮಾತಿಗೆ ನಗುತ್ತ ಕೂತಿದ್ದಳು. ಸ್ವಲ್ಪ ಹೊತ್ತು ನೋಡಿ ಮುಳ್ಳಣ್ಣನೇ ಬಾಗಿಲು ತೆರೆದು ಇಳಿದ. ಎಡ ಚಕ್ರದ ಬಳಿ ಬಗ್ಗಿ, ಮುಂಗೈ ತಾಗಿಸಿದ. ಬಿಸಿಲಿಗೆ ಮಲಗಿದ ಬೆಕ್ಕಿನ ಹೊಟ್ಟೆಯಷ್ಟು ಬೆಚ್ಚಗಿತ್ತು, ಅಷ್ಟೇ. ಕೈಯನ್ನು ಅಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡ. ಅದು ನಡುಗುತ್ತಿತ್ತು. ನಡುಗಲಿ ಎಂದುಕೊಂಡ. ಸುತ್ತಿ ಹೋಗಿ ಬಲ ಚಕ್ರವನ್ನೂ ಮುಟ್ಟಿ ಬಂದ.

"ಮುಗೀತಾ ನಿಮ್ಮ ತಪಾಸಣೆ?" ಎಂದು ಅವಳು ಕಿಟಕಿಯಿಂದ ಕೇಳಿದಳು. "ಹತ್ತಿ, ಟೈಮಾಯ್ತು."

ಅವನು ತನ್ನ ಕೈಗಡಿಯಾರ ನೋಡಿಕೊಂಡ. ಇನ್ನೂ ಸಮಯವಿತ್ತು. ಹತ್ತಿ ಕೂತು ಡ್ಯಾಷ್‌ಬೋರ್ಡಿನ ಕಡೆ ನೋಡಿದ. ಅಲ್ಲಿಯ ಮುಳ್ಳು ಐದು ನಿಮಿಷ ಮುಂದಿತ್ತು. ಅವನು ಚಕ್ರ ಮುಟ್ಟುತ್ತಿದ್ದಾಗ ಅವಳು ತಿರುಗಿಸಿದ್ದಿರಬೇಕು.

ಮುಳ್ಳಣ್ಣ ಬಾಗಿಲು ಎಳೆದುಕೊಂಡ. ಕೊನೆಯ ದಾದಿ ಓಡುತ್ತ ಬಂದಳು.